ಕೊನೆಯ ನುಡಿಯ ಹೆಸರು: ಗೀಗೀ ಮೇಳದಿಂದ ಡಿಜಿಟಲ್ ಮೇಳದವರೆಗೆ

ಲಾವಣಿ, ಗೀಗೀ ಪದಗಳನ್ನು ಪೂರ್ತಿಯಾಗಿ ಕೂತು ಕೇಳಿದವರಿಗೆ ಕೊನೆಯ ನುಡಿಯ ವಿಶೇಷ ಗೊತ್ತಿರುತ್ತದೆ. ಕಥೆ ಅಷ್ಟೊತ್ತಿಗೆ ಮುಗಿದಿರುತ್ತದೆ. ಹಾಡು ಮಾತ್ರ ಮುಗಿದಿರುವುದಿಲ್ಲ. ಪದ ಕಟ್ಟಿದ ಕವಿಯ ಹೆಸರು, ಅವನ ಊರು, ಊರ ದೇವರು, ಗುರು, ಕೆಲವೊಮ್ಮೆ ಮೇಳದವರ ಹೆಸರು ಕೂಡ ಆ ನುಡಿಯಲ್ಲಿ ಬಂದು ಸೇರುತ್ತವೆ. ಹಳ್ಳಿಗೆ ಅಚ್ಚುಕೂಟವೂ ಕೃತಿಸ್ವಾಮ್ಯದ ಕಾನೂನೂ ತಲುಪದ ಕಾಲದಲ್ಲಿ ಹಾಡಿನ ಒಡೆತನವನ್ನು ಹಾಡಿನೊಳಗೇ ಹೊಲಿದಿಟ್ಟ ಉಪಾಯ ಇದು. ಬಾಯಿಂದ ಬಾಯಿಗೆ ಹೋದರೂ ಹೆಸರು ಹಾಡಿನ ಜೊತೆಗೇ ಹೋಗುತ್ತಿತ್ತು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ವಚನಗಳಿಗೂ ಅಂಕಿತವಿದೆ. ಅಲ್ಲಿ ವಚನಕಾರನ ಹೆಸರಿನ ಜಾಗದಲ್ಲಿ ಅವನ ದೇವರ ಹೆಸರು ನಿಲ್ಲುತ್ತದೆ. ಲಾವಣಿಕಾರ ಆ ಜಾಗವನ್ನು ಇನ್ನಷ್ಟು ಹಿಗ್ಗಿಸಿ ಊರು, ಗುರು, ಮೇಳ ಎಲ್ಲವನ್ನೂ ಒಳಗೆ ಕೂಡಿಸಿದ.

ಇಂದು ಇದೇ ಸೀಮೆಯ ಹಾಡುಗಳು ಕೀಬೋರ್ಡು, ರಿದಂ ಪ್ಯಾಡು, ಕಂಪ್ಯೂಟರಿನ ಸಾಫ್ಟ್‌ವೇರುಗಳ ಮೂಲಕ ಹಾಯ್ದು ಮೊಬೈಲಿಗೆ ಬರುತ್ತಿವೆ. ಜಾತ್ರೆ, ಮೆರವಣಿಗೆಗಳಲ್ಲಿ ಟ್ರ್ಯಾಕ್ಟರಿನ ಮೇಲೆ ಕಟ್ಟಿದ ದೊಡ್ಡ ದೊಡ್ಡ ಡಬ್ಬಿಗಳಿಂದ ಡಿಜೆ ಹಾಡಾಗಿ ಎದೆಗೆ ಬಡಿಯುತ್ತಿವೆ. ಮೂರ್ನಾಲ್ಕು ನಿಮಿಷದ ಆ ಹಾಡಿನಲ್ಲಿ ಉದ್ದದ ಪದಕ್ಕೆ ಕತ್ತರಿ ಬೀಳಲೇಬೇಕು. ಬಿದ್ದರೆ ಮೊದಲು ಹೋಗುವುದು ಕೊನೆಯ ನುಡಿ. ಇದನ್ನು ನೋಡಿ 'ಯಂತ್ರ ಬಂದು ಜಾನಪದ ಕೆಟ್ಟಿತು' ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಚರಿತ್ರೆ ಅಷ್ಟು ಸರಳವಾಗಿಲ್ಲ. ಹಲವರು ಕೂಡಿ, ಆ ಹೊತ್ತಿಗೆ ಹೊಳೆದದ್ದನ್ನು ಹೊಸೆದು ಹುಟ್ಟಿಸುವ ಸಂಗೀತ ಯಂತ್ರದೊಳಗೆ ಹೋದಾಗ ಆ 'ಹಲವರು' ಏನಾಗುತ್ತಾರೆ? ಈ ಪ್ರಶ್ನೆಯನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸೀಮೆಯಲ್ಲಿ ನಿಂತು ಕೇಳಬಹುದು. ಇದೇ ಪ್ರಶ್ನೆ ಅಹಮದಾಬಾದಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಬೇರೆ ಬೇರೆ ರೂಪದಲ್ಲಿ ಎದ್ದಿತ್ತು.

ಮೊದಲು ಮೇಳದ ರಚನೆಯನ್ನು ನೋಡೋಣ. ಗೀಗೀ ಮೇಳದಲ್ಲಿ ಮುಮ್ಮೇಳದವರು ಪದ ಎತ್ತುತ್ತಾರೆ, ಹಿಮ್ಮೇಳದವರು 'ಗೀಗೀ' ಎಂಬ ಪಲ್ಲವಿ ಹಿಡಿದು ಎತ್ತಿಕೊಡುತ್ತಾರೆ. ಡಪ್ಪು, ತುಂತುಣಿ, ತಾಳ ಇಷ್ಟೇ ವಾದ್ಯ. ತುಂತುಣಿಗೆ ಇರುವುದು ಒಂದೇ ತಂತಿ. ಅದು ಶ್ರುತಿಯನ್ನೂ ಕೊಡುತ್ತದೆ, ಮೀಟಿನ ಏಟಿನಲ್ಲಿ ಲಯವನ್ನೂ ಹಿಡಿಯುತ್ತದೆ. ಎರಡು ಮೇಳಗಳು ಎದುರುಬದುರು ಕೂತರೆ ಅದು ಹರದೇಶಿ–ನಾಗೇಶಿ ವಾದ. ತುರಾಯಿ ಪಂಗಡವಾದ ಹರದೇಶಿಯವರದು ಶಿವನ ಪಕ್ಷ, ಗಂಡು ಹೆಚ್ಚು ಎಂಬ ವಾದ. ಕಲ್ಗಿ ಪಂಗಡವಾದ ನಾಗೇಶಿಯವರದು ಶಕ್ತಿಯ ಪಕ್ಷ, ಹೆಣ್ಣು ಹೆಚ್ಚು ಎಂಬ ವಾದ. ಹೆಂಗಸರ ಮೇಳಗಳು ಬಂದ ಮೇಲೆ ಈ ವಾದಕ್ಕೆ ನಿಜವಾದ ಎದುರಾಳಿಗಳೇ ಸಿಕ್ಕರು. ಸವಾಲು ಹಾಡಿನಲ್ಲಿ ಬರುತ್ತದೆ, ಜವಾಬು ಕೂಡ ಹಾಡಿನಲ್ಲೇ ಹೋಗಬೇಕು. ಕಂಠಪಾಠದ ಪದಗಳ ದೊಡ್ಡ ಗಂಟು ಬೆನ್ನಿಗಿರಬೇಕು. ಅದರೊಳಗಿಂದ ಈ ಸವಾಲಿಗೆ ಹೊಂದುವುದನ್ನು ಆ ಗಳಿಗೆಯಲ್ಲಿ ತೆಗೆದು, ತಿದ್ದಿ, ಹೊಸ ಸಾಲು ಕೂಡಿಸಿ ಹಾಡಬೇಕು. ಇಂಥ ರಾತ್ರಿಯ ಹಾಡನ್ನು ಒಬ್ಬನ ಕೃತಿ ಎನ್ನುವುದು ಕಷ್ಟ.

ಇದರಲ್ಲಿ ಹಿಮ್ಮೇಳದ ಕೆಲಸ ಮೇಲ್ನೋಟಕ್ಕೆ ಕಾಣುವುದಿಲ್ಲ. ಮುಮ್ಮೇಳದವರಿಗೆ ಸಾಲು ಹೊಳೆಯುವುದು ತಡವಾದರೆ ಹಿಮ್ಮೇಳ ಪಲ್ಲವಿಯನ್ನು ಇನ್ನೊಂದು ಸುತ್ತು ಎಳೆಯುತ್ತದೆ. ಜವಾಬು ಸಿಕ್ಕ ಗಳಿಗೆಯಲ್ಲಿ ಡಪ್ಪಿನ ಏಟು ಬಿಗಿಯಾಗುತ್ತದೆ. ಅಂದರೆ ಹಿಮ್ಮೇಳ ಕೇಳುತ್ತಿರುತ್ತದೆ. ಕೇಳುತ್ತಲೇ ಕಾಲವನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಕೂಡಿ ಹಾಡುವ ಸಂಗೀತದ ಜೀವ ಈ ಕೇಳುವಿಕೆಯಲ್ಲಿದೆ.

ಈ ಸೀಮೆಯ ಹಾಡುಗಳನ್ನು ಕಾಗದಕ್ಕೆ ಇಳಿಸಿದ ಮೊದಲ ದೊಡ್ಡ ಪ್ರಯತ್ನವೂ ಕೂಡಿ ಮಾಡಿದ್ದೇ. ಆಗ ಇಂಡಿ ತಾಲ್ಲೂಕಿನಲ್ಲಿದ್ದು ಈಗ ಚಡಚಣ ತಾಲ್ಲೂಕಿಗೆ ಸೇರಿದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದವರು ಸೇರಿ ಹಾಡು ಹುಡುಕಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಹೊರಬಂತು. ಅದರ ಬೆನ್ನಿಗೆ ಲಾವಣಿಗಳ ಸಂಗ್ರಹ 'ಜೀವನ ಸಂಗೀತ', ಆಮೇಲೆ 'ಮಲ್ಲಿಗೆ ದಂಡೆ' ಬಂದವು. ಕನ್ನಡ ಸಾಹಿತ್ಯ ಚರಿತ್ರೆ ಇವರನ್ನು ಒಬ್ಬೊಬ್ಬರಾಗಿ ನೆನೆಯುವುದಕ್ಕಿಂತ ಹೆಚ್ಚಾಗಿ 'ಹಲಸಂಗಿ ಗೆಳೆಯರು' ಎಂದೇ ನೆನೆಯುತ್ತದೆ. ಒಬ್ಬ ಸಂಪಾದಕನ ಹೆಸರಿನ ಜಾಗದಲ್ಲಿ ಊರಿನ ಹೆಸರು ಮತ್ತು ಗೆಳೆತನ ಎರಡೂ ನಿಂತಿರುವುದು ಲಾವಣಿಯ ಅಂಕಿತಕ್ಕೆ ಬಹಳ ಹತ್ತಿರದ ರೀತಿ. ಖಾಜಾಭಾಯಿಯಂಥ ಲಾವಣಿಕಾರ ಬಾಳಿದ ಊರು ಅದು. ಮೊಹರಮ್ಮಿನ ರಿವಾಯತ ಪದಗಳನ್ನು ಹಿಂದೂ ಮುಸ್ಲಿಮರು ಕೂಡಿಯೇ ಹಾಡುವ ಸೀಮೆಯಲ್ಲಿ ಇಂಥ ಗೆಳೆಯರ ಬಳಗ ಹುಟ್ಟಿದ್ದು ಸಹಜವೇ ಆಗಿತ್ತು.

ಆದರೆ ಅದೇ ಪುಸ್ತಕದಲ್ಲಿ ಒಂದು ಮೌನವೂ ಇದೆ. ಗರತಿಯ ಹಾಡುಗಳು ಬಹುಪಾಲು ತ್ರಿಪದಿಗಳು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹೆಂಗಸರು ಹಾಡಿದವು. ತವರಿನ ಹೆಸರು, ಅಣ್ಣತಮ್ಮಂದಿರ ನೆನಪು ಅಲ್ಲಿ ತುಂಬಿದೆ. ಲಾವಣಿಗಿರುವಂಥ ಅಂಕಿತ ತ್ರಿಪದಿಗಿಲ್ಲ. ಬೀಸುಕಲ್ಲಿನ ಎದುರು ಇಬ್ಬರು ಕೂತರೆ ಒಬ್ಬಾಕೆ ಸಾಲು ಎತ್ತುತ್ತಾಳೆ, ಇನ್ನೊಬ್ಬಾಕೆ ದನಿಗೂಡಿಸಿ ಮುಂದಿನದನ್ನು ತಾನು ಕೂಡಿಸುತ್ತಾಳೆ. ಹಾಡು ಯಾರದು ಎಂದು ಕೇಳುವ ಪ್ರಮೇಯವೇ ಅಲ್ಲಿ ಬರಲಿಲ್ಲ. ಹಾಡು ಪುಸ್ತಕವಾದ ಮೇಲೆ ಆ ಪ್ರಶ್ನೆ ಹುಟ್ಟಿತು. ಅಷ್ಟರಲ್ಲಿ ಉತ್ತರ ಹೇಳಬೇಕಾದವರೆಲ್ಲ 'ಗರತಿ' ಎಂಬ ಒಂದೇ ಹೆಸರಿನೊಳಗೆ ಸೇರಿಹೋಗಿದ್ದರು. ದಾಖಲಾತಿಯಿಂದ ಹಾಡು ಉಳಿಯಿತು, ಹಾಡಿದವರು ಉಳಿಯಲಿಲ್ಲ. ಹಲಸಂಗಿ ಗೆಳೆಯರ ಕೆಲಸದ ದೊಡ್ಡತನ ಇದರಿಂದ ಕಡಿಮೆಯಾಗುವುದಿಲ್ಲ. ಮುಂದೆ ಬಂದ ಪ್ರತಿಯೊಂದು ದಾಖಲಾತಿ ಯಂತ್ರವೂ ಇದೇ ಸಮಸ್ಯೆಯನ್ನು ಮತ್ತೆ ಮತ್ತೆ ತಂದಿತು ಎಂಬುದನ್ನು ನೆನಪಿಡಬೇಕು.

ಈ ಹಾಡುಗಳಿಗೆ ಮೊದಲ ಪೆಟ್ಟು ಕೊಟ್ಟ ಯಂತ್ರ ಸಂಗೀತದ ಯಂತ್ರವೇ ಆಗಿರಲಿಲ್ಲ ಎಂಬುದೂ ನೆನಪಿಡಬೇಕಾದ ಮಾತು. ಅದು ಹಿಟ್ಟಿನ ಗಿರಣಿ. ಬೀಸುಕಲ್ಲು ಆ ಹಾಡುಗಳಿಗೆ ಶ್ರುತಿಯೂ ಆಗಿತ್ತು, ತಾಳವೂ ಆಗಿತ್ತು, ಹಾಡುವುದಕ್ಕೊಂದು ನೆಪವೂ ಆಗಿತ್ತು. ಗಿರಣಿ ಬಂದು ಹೆಂಗಸರ ರಟ್ಟೆಯ ನೋವು ಇಳಿಯಿತು. ಅದನ್ನು ಯಾರೂ ಬೇಡವೆನ್ನಲಾರರು. ಜೊತೆಗೆ ನಸುಕಿನಲ್ಲಿ ಇಬ್ಬರು ಎದುರುಬದುರು ಕೂಡುವ ಹೊತ್ತು ಹೋಯಿತು. ಕೂಡಿ ಹಾಡುವ ಸಂಗೀತ ಸ್ವರಗಳನ್ನು ನಂಬಿಕೊಂಡದ್ದಕ್ಕಿಂತ ಹೆಚ್ಚಾಗಿ ಕೂಡುವ ಸಂದರ್ಭವನ್ನು ನಂಬಿಕೊಂಡಿರುತ್ತದೆ.

ಇನ್ನು ಸಂಗೀತದ ಯಂತ್ರಗಳ ಕಡೆ ಬರೋಣ. ಇಂದು ಭಜನಾ ಮಂಡಳಿಯಿಂದ ಪಾರಿಜಾತದ ಆಟದವರೆಗೆ 'ನಮ್ಮದು' ಎನಿಸಿಕೊಂಡಿರುವ ಹಾರ್ಮೋನಿಯಂ ಪರದೇಶದ ಪೆಟ್ಟಿಗೆ. 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡರ್ ದೆಬೆಂ ಅದಕ್ಕೆ ಸನ್ನದು ಪಡೆದ. ಮುಂದೆ ಕಲ್ಕತ್ತೆಯಲ್ಲಿ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ಕೈಯಿಂದ ಗಾಳಿ ಒತ್ತುವ ವಾದ್ಯವಾಗಿ ಮಾಡಿದರು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ತನ್ನ ಸ್ಟುಡಿಯೋಗಳಿಂದ ಹೊರಗಿಟ್ಟಿತು. ಆ ನಿಷೇಧ 1970ರ ದಶಕದ ಆರಂಭದವರೆಗೂ ಇತ್ತು. ಆಕ್ಷೇಪ ಏನೆಂದರೆ, ಮನೆಗಳು ಗಟ್ಟಿಯಾಗಿ ಕೂತಿರುವ ಈ ಪೆಟ್ಟಿಗೆಯಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಶ್ರುತಿಯ ಸೂಕ್ಷ್ಮ ಸಿಗುವುದಿಲ್ಲ. ಆಕ್ಷೇಪ ಸುಳ್ಳಲ್ಲ. ಆದರೆ ಹಳ್ಳಿಯ ಭಜನಾ ಮಂಡಳಿ ಆ ನಿಷೇಧಕ್ಕೆ ಕಾಯಲಿಲ್ಲ. ದನಿ ಜಾರುವ ಕೆಲಸವನ್ನು ಗಂಟಲಿಗೆ ಬಿಟ್ಟು, ಆಧಾರ ಕೊಡುವ ಕೆಲಸವನ್ನು ಪೆಟ್ಟಿಗೆಗೆ ಕೊಟ್ಟಿತು. ಅಂದರೆ ಯಂತ್ರಕ್ಕೆ ಹಿಮ್ಮೇಳದ ಜಾಗ ತೋರಿಸಿ ಕೂಡಿಸಿತು.

ಇದೇ ಹೊತ್ತಿಗೆ ದೇಶದ ಇನ್ನೊಂದು ಮೂಲೆಯಲ್ಲಿ ಬೇರೆಯದೇ ಪ್ರಯೋಗ ನಡೆದಿತ್ತು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಒಂದು ಮೂಗ್ ಸಿಂಥಸೈಜರ್ ಬಂದು ಕೂತಿತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಅಣಿಗೊಳಿಸಿಕೊಟ್ಟರು. ಇದರ ಹಿಂದೆ ಗೀತಾ ಸಾರಾಭಾಯಿ ಅವರ ನಂಟಿತ್ತು. 1946ರಲ್ಲಿ ನ್ಯೂಯಾರ್ಕಿನಲ್ಲಿ ಅವರು ಜಾನ್ ಕೇಜ್‌ಗೆ ಭಾರತೀಯ ಸಂಗೀತ ಹೇಳಿಕೊಟ್ಟು, ಕೇಜ್‌ನಿಂದ ಪಾಶ್ಚಾತ್ಯ ಸಂಗೀತದ ಪಾಠ ಹೇಳಿಸಿಕೊಂಡಿದ್ದರು. ಮೂಗ್‌ನಲ್ಲಿ ಸಿದ್ಧ ಸ್ವರಗಳು ಇರುವುದಿಲ್ಲ. ತಂತಿಗಳನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಚುಚ್ಚಿ, ಗುಂಡಿ ತಿರುವಿ, ದನಿಯನ್ನು ಕೈಯಾರೆ ಹುಟ್ಟಿಸಬೇಕು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಆ ಸ್ಟುಡಿಯೋದಲ್ಲಿ 1972ರವರೆಗೆ ಟೇಪಿನ ಮೇಲೆ ಕೃತಿಗಳನ್ನು ಮಾಡಿದರು. ಆಮೇಲೆ ಕೆಲಸ ನಿಂತಿತು, ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ಉಳಿದುಹೋದವು. ಲಂಡನ್ನಿನ ಕಲಾವಿದ ಪಾಲ್ ಪುರ್ಗಾಸ್ ಅವುಗಳನ್ನು ಹುಡುಕಿ ತೆಗೆದ ಮೇಲೆ, 2023ರಲ್ಲಿ ಅವು ಆಲ್ಬಮ್ ಆಗಿ ಹೊರಬಂದವು. ನಡುವೆ ಸುಮಾರು 50 ವರ್ಷದ ಮೌನ.

ಭಾರತದಲ್ಲಿ ಎಲೆಕ್ಟ್ರಾನಿಕ್ ಸಂಗೀತ 1980ರ ದಶಕದ ಸಿನಿಮಾದಿಂದ ಶುರುವಾಯಿತು ಎಂಬ ತಿಳುವಳಿಕೆಯನ್ನು ಈ ಟೇಪುಗಳು ಅಲುಗಿಸಿದವು. ನಮ್ಮ ಪ್ರಶ್ನೆಗೂ ಅವು ಒಂದು ಉತ್ತರ ಕೊಡುತ್ತವೆ. ಟೇಪು ಸಿಕ್ಕ ಮೇಲೆ ಐದು ಜನರ ಹೆಸರು ಹೇಳುವುದು ಸಾಧ್ಯವಾಯಿತು, ಯಾಕೆಂದರೆ ಸಂಸ್ಥೆ ಅವನ್ನು ಜೋಪಾನ ಮಾಡಿತ್ತು, ಹೆಸರುಗಳು ಉಳಿದಿದ್ದವು. ಹಾಗೆ ಕಾಪಿಟ್ಟ ಕಪಾಟು ಇಲ್ಲದ ಮೇಳದವರಿಗೆ ಅವರ ಕಪಾಟು ಹಾಡಿನ ಕೊನೆಯ ನುಡಿಯೇ ಆಗಿತ್ತು.

ಕ್ಯಾಲಿಫೋರ್ನಿಯಾದ ಕಥೆ ಇನ್ನೊಂದು ಬಗೆಯದು. 1978ರ ಸುಮಾರಿಗೆ ಜಿಮ್ ಹಾರ್ಟನ್, ಜಾನ್ ಬಿಷಾಫ್, ರಿಚ್ ಗೋಲ್ಡ್ ಎಂಬ ಮೂವರು ಅಗ್ಗದ ಸಣ್ಣ ಕಂಪ್ಯೂಟರುಗಳನ್ನು ತಂತಿಯಿಂದ ಒಂದಕ್ಕೊಂದು ಜೋಡಿಸಿ, ಸ್ವಯಂಚಾಲಿತ ಸಂಗೀತಗಾರರ ಕೂಟವೊಂದನ್ನು ಕಟ್ಟಿದರು. ಪ್ರತಿಯೊಬ್ಬರ ಯಂತ್ರವೂ ತನ್ನದೇ ನಿಯಮದಲ್ಲಿ ದನಿ ಮಾಡುತ್ತಿತ್ತು, ಆದರೆ ಪಕ್ಕದ ಯಂತ್ರದಿಂದ ಬಂದ ಸಂಕೇತಕ್ಕೆ ತಕ್ಕಂತೆ ತನ್ನ ದನಿ ಬದಲಿಸಿಕೊಳ್ಳುತ್ತಿತ್ತು. ಮುಂದೆ ಏನು ಕೇಳಿಸುತ್ತದೆ ಎಂಬುದು ಮೂವರಲ್ಲಿ ಯಾರಿಗೂ ಪೂರ್ತಿ ಗೊತ್ತಿರುತ್ತಿರಲಿಲ್ಲ. ಇವರ ಹಾದಿಯಲ್ಲೇ 1980ರ ದಶಕದಲ್ಲಿ 'ದಿ ಹಬ್' ಎಂಬ ತಂಡ ಬಂತು. ಜಗತ್ತಿನ ಡಿಜಿಟಲ್ ಸಂಗೀತದ ಚರಿತ್ರೆಯಲ್ಲಿ ಇದನ್ನು ಜಾಲಬಂಧದ ಸಂಗೀತದ ಆರಂಭವೆಂದು ಹೇಳುತ್ತಾರೆ. ಹರದೇಶಿ–ನಾಗೇಶಿಯ ರಾತ್ರಿಯನ್ನು ಬಲ್ಲವರಿಗೆ ಇದರ ತತ್ವ ಹೊಸದೆನಿಸದು: ಎಲ್ಲರಿಗೂ ತಮ್ಮ ಪಾಠ ಇದೆ, ಆದರೆ ಎದುರಿನವರನ್ನು ಕೇಳದೆ ಯಾರೂ ಮುಂದಿನ ಸಾಲಿಗೆ ಹೋಗುವಂತಿಲ್ಲ. ಯಂತ್ರಕ್ಕೆ ಕಿವಿ ಕೊಟ್ಟದ್ದು ಆ ಮೂವರ ಸಾಧನೆ.

ಅದರ ಮರುವರ್ಷ, 1979ರಲ್ಲಿ, ಬೆಂಗಳೂರಿನಲ್ಲಿ ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜ್‌ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಹೊರತಂದರು. ರಾಡೆಲ್ ಹೆಸರಿನ ಆ ಪೆಟ್ಟಿಗೆಗಳು, ಆಮೇಲೆ ಬಂದ ಎಲೆಕ್ಟ್ರಾನಿಕ್ ತಂಬೂರಿ, ತಾಳದ ಪೆಟ್ಟಿಗೆಗಳು ಸಂಗೀತ ಕಲಿಯುವವರ ಮನೆ ಮನೆಗೆ ಹೋದವು. ಒಬ್ಬರೇ ಕೂತು ಅಭ್ಯಾಸ ಮಾಡುವವರಿಗೆ ಅದು ದೊಡ್ಡ ಉಪಕಾರ. ತಂಬೂರಿ ಮೀಟಲು ಶಿಷ್ಯರಿಲ್ಲ, ತಬಲಾ ನುಡಿಸಲು ಜೊತೆಗಾರರಿಲ್ಲ ಎಂಬ ಕೊರತೆ ನೀಗಿತು. ಆದರೆ ಹಿಂದೆ ಕೂತು ತಂಬೂರಿ ಮೀಟುವ ಶಿಷ್ಯ ಗುರುವಿನ ಪ್ರತಿ ಉಸಿರನ್ನೂ ಕೇಳಿ ಕಲಿಯುತ್ತಿದ್ದ. ಪೆಟ್ಟಿಗೆ ಶ್ರುತಿ ಕೊಡುತ್ತದೆ, ಕೇಳುವುದಿಲ್ಲ. ಇಲ್ಲಿಂದ ಯಂತ್ರಗಳಲ್ಲಿ ಎರಡು ಜಾತಿಯಾಗುತ್ತವೆ: ಕೇಳುವ ಯಂತ್ರ, ಕೇಳಿಸುವ ಯಂತ್ರ. ನಮ್ಮ ಹಳ್ಳಿಗಳಿಗೆ ಹೆಚ್ಚಾಗಿ ಬಂದದ್ದು ಎರಡನೆಯ ಜಾತಿ.

ಕ್ಯಾಸೆಟ್ಟು ಕೂಡ ಎರಡನೆಯ ಜಾತಿಯದೇ, ಆದರೆ ಅದು ಇನ್ನೊಂದು ಬಾಗಿಲು ತೆರೆಯಿತು. ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಕೆಲವೇ ಕಂಪನಿಗಳ ಮರ್ಜಿ ನಡೆಯುತ್ತಿತ್ತು. 1980ರ ದಶಕದಲ್ಲಿ ಟೇಪ್ ರೆಕಾರ್ಡರ್ ಅಗ್ಗವಾದಾಗ ಸಣ್ಣ ಊರುಗಳ ಹಾಡು, ಭಾಷೆ, ಧಾಟಿಗಳು ಕೂಡ ಮಾರುಕಟ್ಟೆಗೆ ಬಂದವು. ಉತ್ತರ ಭಾರತದ ಈ ಬದಲಾವಣೆಯನ್ನು ವಿದ್ವಾಂಸ ಪೀಟರ್ ಮ್ಯಾನುಯೆಲ್ 1993ರ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ಗೀಗೀ, ಡೊಳ್ಳಿನ ಪದ, ಭಜನೆ, ತತ್ವಪದಗಳಿಗೂ ಈ ಬಾಗಿಲು ತೆರೆಯಿತು. ತಮ್ಮದೇ ಮಾತಿನ ಧಾಟಿಯನ್ನು ಯಂತ್ರದಿಂದ ಕೇಳುವ ಹೆಮ್ಮೆ ಸಣ್ಣದಲ್ಲ. ಆದರೆ ರಾತ್ರಿಯಿಡೀ ನಡೆಯುವ ವಾದ ಟೇಪಿನ ಒಂದು ಮಗ್ಗುಲಿನ ಅರ್ಧ ತಾಸಿಗೆ ಇಳಿಯಬೇಕಾಯಿತು. ಸವಾಲಿಗೆ ಜವಾಬು ಮೊದಲೇ ಗೊತ್ತಿರಬೇಕಾಯಿತು.

ಯಂತ್ರ ಬಂದಲ್ಲೆಲ್ಲ ಆಶುತ್ವ ಸತ್ತಿತು ಎನ್ನುವವರು ರಸಮಂಜರಿ ತಂಡಗಳನ್ನು ಸರಿಯಾಗಿ ನೋಡಬೇಕು. ಜಾತ್ರೆಯ ವೇದಿಕೆಯಲ್ಲಿ ಹಾಡುಗಾರ್ತಿ ತನ್ನ ಗಂಟಲಿಗೆ ಒಗ್ಗುವ ಶ್ರುತಿಯಲ್ಲಿ ಪದ ಎತ್ತಿಬಿಡುತ್ತಾಳೆ. ಕೀಬೋರ್ಡಿನವನು ಅರೆಗಳಿಗೆಯಲ್ಲಿ ಆ ಶ್ರುತಿ ಹುಡುಕಿ ಗುಂಡಿ ಒತ್ತಿ ಮನೆ ಬದಲಿಸಿಕೊಳ್ಳುತ್ತಾನೆ. ಹಾರ್ಮೋನಿಯಂ ಕೊಡಲಾಗದಿದ್ದ ಜಾರುವಿಕೆಯನ್ನು ಎಡಗೈಯ ಚಕ್ರ ತಿರುವಿ ತರುತ್ತಾನೆ. ಪ್ಯಾಡಿನವನು ರಬ್ಬರಿನ ಹಲಗೆಗಳ ಮೇಲೆ ಕೋಲು ಬಡಿದು ಡೊಳ್ಳು, ಹಲಗೆ, ತಬಲಾಗಳ ದನಿಯನ್ನು ಹಾಡಿನ ಓಟ ನೋಡಿ ಬದಲಿಸುತ್ತಾನೆ. ಜನ 'ಒನ್ಸ್ ಮೋರ್' ಎಂದರೆ ಪಲ್ಲವಿ ಇನ್ನೊಂದು ಸುತ್ತು ಬರುತ್ತದೆ. ಇದು ಎಲೆಕ್ಟ್ರಾನಿಕ್ ಹಿಮ್ಮೇಳ. ಕೇಳುತ್ತದೆ, ಕಾಯುತ್ತದೆ, ಎತ್ತಿಕೊಡುತ್ತದೆ. ಇದನ್ನು 'ನಿಜವಾದ ಜಾನಪದವಲ್ಲ' ಎಂದು ಬದಿಗಿಡುವ ವಿದ್ವತ್ತು ಹಿಂದೊಮ್ಮೆ ಹಾರ್ಮೋನಿಯಮ್ಮನ್ನೂ ಹೀಗೆಯೇ ಬದಿಗಿಟ್ಟಿತ್ತು.

ತೊಡಕು ಬರುವುದು ಮುಂದಿನ ಹೆಜ್ಜೆಯಲ್ಲಿ. ಸ್ಟುಡಿಯೋದ ಕಂಪ್ಯೂಟರಿನಲ್ಲಿ ಹಾಡು ಕಟ್ಟುವಾಗ ಮೊದಲು ಹಾಸುವುದು ಸಮವಾಗಿ ಗೆರೆ ಎಳೆದ ಕಾಲದ ಚೌಕಟ್ಟು. ಹಾಡುವವರು ಕಿವಿಗೆ ಸಿಕ್ಕಿಸಿಕೊಂಡ ಟಿಕ್ ಟಿಕ್ ಸದ್ದಿಗೆ ಸರಿಯಾಗಿ ಹಾಡಬೇಕು. ಹಿಮ್ಮೇಳ ಹಿಗ್ಗಿಸುತ್ತಿದ್ದ ಕಾಲವನ್ನು ಈಗ ಗಡಿಯಾರ ಆಳುತ್ತದೆ. ಡಪ್ಪಿನ ಒಂದು ಸುತ್ತನ್ನು ಹಿಡಿದಿಟ್ಟು ಅದನ್ನೇ ಹಾಡಿನುದ್ದಕ್ಕೂ ಅಂಟಿಸಬಹುದು. ಡಪ್ಪಿನವನು ಒಮ್ಮೆ ಬಾರಿಸಿದರೆ ಸಾಕು, ಇನ್ನೊಮ್ಮೆ ಅವನನ್ನು ಕರೆಯಬೇಕಾಗಿಲ್ಲ. ಹಾಡು ಮೊಬೈಲಿಗೆ ಬಂದಾಗ ಅದರ ಕೆಳಗೆ ಹಾಡಿದವರ ಹೆಸರು, ಚಾನೆಲ್ಲಿನ ಹೆಸರು ಇರುತ್ತದೆ. ಮೂಲ ಧಾಟಿ ಯಾವ ಮೇಳದ್ದು, ಪದ ಯಾರದು, ಡಪ್ಪು ಯಾರದು ಎಂಬುದು ಬಹಳ ಸಲ ಇರುವುದಿಲ್ಲ. ಬೀಸುಕಲ್ಲಿನ ಹೆಂಗಸರಿಗೆ ಆದದ್ದು ಈಗ ಹಿಮ್ಮೇಳದವರಿಗೆ ಆಗುತ್ತಿದೆ.

ಕಾನೂನು ಇಲ್ಲಿ ಅರ್ಧ ದಾರಿಗೆ ಮಾತ್ರ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಧ್ವನಿಮುದ್ರಣಕ್ಕೆ ಪ್ರತ್ಯೇಕ ಹಕ್ಕಿದೆ. ಅದು ಮುದ್ರಣ ಮಾಡಿಸಿದವರದು. ತಲೆಮಾರುಗಳಿಂದ ಬಂದ, ಕರ್ತೃ ಗೊತ್ತಿಲ್ಲದ ಹಾಡಿನ ಮೇಲೆ ಸಮುದಾಯಕ್ಕೆ ಹಕ್ಕು ಕೊಡುವ ಏರ್ಪಾಟು ಅದರಲ್ಲಿಲ್ಲ. 1994ರ ತಿದ್ದುಪಡಿ ಹಾಡುವವರಿಗೆ, ನುಡಿಸುವವರಿಗೆ ಪ್ರದರ್ಶಕರ ಹಕ್ಕು ಕೊಟ್ಟಿತು. 2012ರ ತಿದ್ದುಪಡಿ ತಮ್ಮ ಪ್ರದರ್ಶನದ ಜೊತೆ ತಮ್ಮ ಹೆಸರು ಇರಬೇಕೆಂದು ಕೇಳುವ ನೈತಿಕ ಹಕ್ಕನ್ನೂ ಸೇರಿಸಿತು. ಕಾನೂನಿನ ಭಾಷೆಯಲ್ಲಿ ಡಪ್ಪು ಬಾರಿಸುವವನೂ ಪ್ರದರ್ಶಕನೇ. ಆದರೆ ಈ ಹಕ್ಕು ಇದೆ ಎಂದು ಗೊತ್ತಾಗಬೇಕು, ಕೇಳಬೇಕು, ಕೇಳುವುದಕ್ಕೆ ಬಾರಿಸಿದ್ದು ತಾನೇ ಎಂಬ ದಾಖಲೆ ಇರಬೇಕು. ಒಂದು ಸುತ್ತಿನ ಡಪ್ಪು ನೂರು ಹಾಡಿನಲ್ಲಿ ಹಂಚಿಹೋದ ಮೇಲೆ ಅದನ್ನು ತೋರಿಸುವುದು ಹೇಗೆ?

ಆದ್ದರಿಂದ ಉತ್ತರವನ್ನು ಮೇಳದ ಹಳೆಯ ಉಪಾಯದಲ್ಲೇ ಹುಡುಕಬೇಕೆನಿಸುತ್ತದೆ. ಲಾವಣಿಕಾರ ಹೆಸರನ್ನು ಹಾಡಿನೊಳಗೆ ಇಟ್ಟ. ಡಿಜಿಟಲ್ ಕಡತದೊಳಗೂ ದನಿಯ ಜೊತೆಗೆ ಹೆಸರು, ಊರು, ದಿನಾಂಕಗಳನ್ನು ಬರೆದಿಡುವ ಜಾಗ ಇದ್ದೇ ಇರುತ್ತದೆ. ತುಂಬುವವರಿಲ್ಲದೆ ಅದು ಖಾಲಿ ಇರುತ್ತದೆ. ಜಾನಪದ ಸಂಗ್ರಹ ಮಾಡುವ ವಿದ್ಯಾರ್ಥಿಗಳಿಂದ ಇದು ಶುರುವಾಗಬಹುದು. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ರಾಮನಗರದ ಜಾನಪದ ಲೋಕದಂಥ ಸಂಸ್ಥೆಗಳು ಇರುವ ರಾಜ್ಯದಲ್ಲಿ ಹಾಡಿನ ಸಾಹಿತ್ಯದ ಜೊತೆಗೆ ಎತ್ತಿದವರು, ಎತ್ತಿಕೊಟ್ಟವರು, ಡಪ್ಪು, ತುಂತುಣಿ, ತಾಳ ಹಿಡಿದವರು, ಅವರ ಊರು, ಅವರು ಹೇಳುವ ಗುರುಗಳ ಸಾಲು, ಇಷ್ಟನ್ನು ದನಿಯ ಕಡತದಲ್ಲೇ ಬರೆಯುವುದು ರೂಢಿಯಾಗಬೇಕು. ಹೆಸರು ಬರೆಯುವ ಮುಂಚೆ ಅವರನ್ನೇ ಕೇಳಬೇಕು; ಕೆಲವರಿಗೆ ಊರಿನ ಹೆಸರು ಸಾಕು, ಕೆಲವರಿಗೆ ಗುರುವಿನ ಹೆಸರೇ ಮುಖ್ಯ. ಮೇಳದ ಹಾಡನ್ನು ರೀಮಿಕ್ಸ್ ಮಾಡುವ ಹುಡುಗರೂ ಇದನ್ನು ಮಾಡಬಹುದು. ಅವರಲ್ಲಿ ಎಷ್ಟೋ ಜನ ಇದೇ ಸೀಮೆಯವರು, ಇದೇ ಧಾಟಿ ಕೇಳಿ ಬೆಳೆದವರು. ಕೊನೆಯ ನುಡಿಗೆ ಕತ್ತರಿ ಹಾಕಲೇಬೇಕಾದರೆ ಅದರ ಹೆಸರುಗಳನ್ನಾದರೂ ಹಾಡಿನ ಕೆಳಗಿನ ಬರಹಕ್ಕೆ ದಾಟಿಸಬಹುದು; ಅದಕ್ಕೆ ಎರಡು ಸಾಲಿನ ಜಾಗ ಸಾಕು.

ಹಲಸಂಗಿಯ ಗೆಳೆಯರ ಕೈಯಲ್ಲಿ ಇದ್ದದ್ದು ಕಾಗದ ಮತ್ತು ಲೇಖನಿ. ಅಷ್ಟರಿಂದ ಅವರು ಹಾಡುಗಳನ್ನು ಉಳಿಸಿದರು. ಈಗ ನಮ್ಮ ಕೈಯಲ್ಲಿರುವ ಯಂತ್ರ ಹಾಡನ್ನೂ ಹಿಡಿಯುತ್ತದೆ, ಹಾಡಿದವರ ದನಿಯನ್ನೂ ಹಿಡಿಯುತ್ತದೆ. 1931ರಲ್ಲಿ ಆ ಬೀಸುಕಲ್ಲಿನ ಮುಂದೆ ಕೂತಿದ್ದ ಇಬ್ಬರು ಯಾರೆಂದು ನಾವಿನ್ನು ತಿಳಿಯಲಾರೆವು. ಇಂದು ಇಂಡಿಯಲ್ಲೋ ಸಿಂದಗಿಯಲ್ಲೋ ಮೇಳದ ಹಿಂದೆ ಕೂತು ತುಂತುಣಿ ಮೀಟುತ್ತಿರುವವರ ಹೆಸರನ್ನು ತಿಳಿಯಲು ನಾವು ಮಾಡಬೇಕಾದದ್ದು ಇಷ್ಟೇ: ರೆಕಾರ್ಡಿಂಗ್ ಗುಂಡಿ ಒತ್ತುವ ಮುಂಚೆ ಅವರ ಬಳಿ ಕೂತು ಕೇಳುವುದು.